ಸಪ್ಪೆ ಸಾರಿನ ಖಾರ

ಗಂಡ ಅಡವಿಯಪ್ಪ ಮುದ್ದೆ ಉಣ್ಣುವ ಪಂದ್ಯಕ್ಕೆ ಹೆಸರು ಕೊಟ್ಟಿದ್ದಾನೆಂದು ತಿಳಿದ ಗಳಿಗೆಯಿಂದ ನೇತ್ರಾವತಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅವನು ಗೆಲ್ಲಲಿ ಎಂದಲ್ಲ, ಸೋಲಲಿ ಎಂದೂ ಅಲ್ಲ. ಆಕೆಗೆ ಬೇಕಾಗಿದ್ದದ್ದು ನ್ಯಾಯ! ಮಾಗಿ ಚಳಿಯಿಂದಲೂ ಅವನದು ಒಂದೇ ರಾಗ: "ಏನೇ ಇದು, ಸಾರೋ ಬೆಂಕಿಯೋ?" ಆಕೆ ಮೆಣಸಿನಕಾಯಿಯನ್ನು ಅರ್ಧಕ್ಕಿಳಿಸಿದಳು, ಆಮೇಲೆ ಅದರಲ್ಲೂ ಅರ್ಧ. ಮಗಳು ಬಿಂದುಶ್ರೀ "ಅಮ್ಮ, ಇದು ಸಾರಲ್ಲ, ಬಿಸಿನೀರು" ಎಂದು ತಟ್ಟೆ ದೂಡಿದಳು. ಆದರೂ ಈ ಮಹಾರಾಯನಿಗೆ ಖಾರವೇ. ಸಾಲದ್ದಕ್ಕೆ ಮುದ್ದೆ ಗಟ್ಟಿ, ಮುದ್ದೆ ದಪ್ಪ. ಗುಬ್ಬಿಯ ಟೀ ಅಂಗಡಿಗಳಲ್ಲೆಲ್ಲ "ನಮ್ಮನೇಲಿ ಊಟ ಅಂದ್ರೆ ಶಿಕ್ಷೆ, ಬೇರೆ ಕಡೆ ಆದ್ರೆ ಎಷ್ಟು ಮುದ್ದೆ ಬೇಕಾದ್ರೂ ಉಣ್ತೀನಿ" ಎಂದು ಸಾರಿಕೊಂಡು ಬಂದಿದ್ದ. ಮದುವೆಯಾದಾಗಿನಿಂದ ಅವಳ ಕೈಯಡುಗೆ ಉಂಡು ಬೆಳೆಸಿದ ಹೊಟ್ಟೆ ಅದು! ಅವಳಿಗೆಷ್ಟು ಉರಿದಿರಬೇಡ ಹೇಳಿ.

ಪಂದ್ಯ ಕುಣಿಗಲ್ ಕೆರೆ ಏರಿಯ ಕೆಳಗಿನ ಮೈದಾನದಲ್ಲಿ. ತುಮಕೂರಿನಲ್ಲಿ ಹಲ್ಲಿನ ಡಾಕ್ಟರ ಬಳಿ ನರ್ಸ್ ಆಗಿರುವ ಅಕ್ಕ ಪ್ರಮೀಳಾಳನ್ನೂ ನೇತ್ರಾವತಿ ಎಳೆದುಕೊಂಡು ಬಂದಿದ್ದಳು.

"ನೋಡ್ತಿರು ಅಕ್ಕ, ಇಲ್ಲಿ ಗಬಗಬ ಉಂಡ ಅಂದ್ರೆ ಮನೇಲಿ ಆಡಿದ್ದೆಲ್ಲ ನಾಟ್ಕ. ಇವತ್ತಂತೂ ನಾನು ಬುಡಲ್ಲ!"

ಅಡವಿಯಪ್ಪ ಬಾಯಲ್ಲಿದ್ದ ಗುಟ್ಕಾ ಉಗಿದು, ಮುಕ್ಕಳಿಸಿ, ಪಂದ್ಯದ ಸಾಲಿನಲ್ಲಿ ಕೂತ. ತೆಂಗಿನಕಾಯಿ ಟೆಂಪೋ ಓಡಿಸುವವನು. ನಿದ್ದೆ ಬರಬಾರದೆಂದು ಹಿಡಿದ ಚಟ, ಈಗ ಅದಿಲ್ಲದೆ ಎಂಜಿನ್ನೇ ಸ್ಟಾರ್ಟ್ ಆಗದು.

ಪೀಪಿ ಊದಿದರು. ಜನ ಹೋ ಎಂದರು! ಪಕ್ಕದಲ್ಲಿ ಕೂತಿದ್ದ ವೆಂಕಟರಂಗಯ್ಯ ಎಂಬ ಮುದುಕ ಮೊದಲ ತುತ್ತಿಗೇ ಮುಖ ಕಿವುಚಿದ. "ಏನ್ರಪ್ಪ, ಸಾರು ಬರೀ ಸಪ್ಪೆ! ಉಪ್ಪಿನ್ಕಾಯಾದ್ರೂ ತತ್ತರ್ರೋ!"

ಅದೇ ಸಾರನ್ನು ಬಾಯಿಗಿಟ್ಟ ಅಡವಿಯಪ್ಪ ಚಂಗನೆ ನೆಗೆದ. "ಅಯ್ಯಯ್ಯಪ್ಪಾ, ಖಾರ! ನೀರು, ನೀರು!"

ನೇತ್ರಾವತಿ ಕುರ್ಚಿಯ ಮೇಲೆ ಹತ್ತಿ ನಿಂತೇಬಿಟ್ಟಳು. "ಕೇಳುಸ್ಕಂಡ್ರಾ ಎಲ್ಲಾರೂವೆ? ಸಪ್ಪೆ ಸಾರು ಖಾರವಂತೆ! ಕೆಟ್ಟಿರೋದು ನನ್ ಕೈಯಲ್ಲ ಕಣ್ರಪ್ಪೋ, ಈವಯ್ಯನ ನಾಲ್ಗೆ!"

ಮೈದಾನವೇ ಬಿದ್ದು ಬಿದ್ದು ನಕ್ಕಿತು. "ಅಕ್ಕಾವ್ರು ಗೆದ್ರು!" ಎಂದು ಮೈಕಿನವನು ಕೂಗಿದ. ನೇತ್ರಾವತಿ ಎರಡೂ ಕೈಯೆತ್ತಿ ಕುಣಿದಳು. ಇಷ್ಟು ಖುಷಿ ಆಕೆಗೆ ಎಷ್ಟೋ ಕಾಲದಿಂದ ಆಗಿರಲಿಲ್ಲ.

ಅವಮಾನ ತಾಳದೆ ಅಡವಿಯಪ್ಪ ಮುದ್ದೆಯ ದೊಡ್ಡ ತುತ್ತು ಮುರಿದು ಬಾಯಿಗೆ ತುರುಕಿದ. ಅದು ಒಳಗೆ ಹೋಗಲಿಲ್ಲ. ಹೆಬ್ಬೆರಳಿಂದ ಒತ್ತಿದ, ತುಟಿಯ ಮೇಲೆಲ್ಲ ಮೆತ್ತಿಕೊಂಡಿತು. ಜನ ಇನ್ನೂ ನಗುತ್ತಿದ್ದರು. ಪ್ರಮೀಳಾ ಮಾತ್ರ ನಗಲಿಲ್ಲ, ಎದ್ದು ಸೀದಾ ಅವನ ಮುಂದೆ ಹೋಗಿ ಕೂತಳು.

"ಎಷ್ಟಾಗುತ್ತೋ ಅಷ್ಟು ಬಾಯಿ ತೆಗೀರಿ. ಮೂರು ಬೆರಳು ಜೋಡ್ಸಿ, ಉದ್ದುದ್ದಕ್ಕೆ ನಿಲ್ಸಿ ಒಳಗಿಡಿ."

ಎರಡು ಬೆರಳೂ ಹಿಡಿಸಲಿಲ್ಲ. ಪ್ರಮೀಳಾ ಅವನ ಕೆನ್ನೆ ಎಳೆದು ನೋಡಿದಳು. ಒಳಗೆಲ್ಲ ಬಿಳಿಚಿಕೊಂಡು ಗಟ್ಟಿಯಾಗಿತ್ತು.

"ಖಾರ ಸಾರಲ್ಲಿಲ್ಲ ನೇತ್ರ. ಇದು ಗುಟ್ಕಾ ಕೆಲಸ. ಬಾಯಿ ಬಿಗಿದ್ಕಂತಾ ಬರುತ್ತೆ, ಏನ್ ತಿಂದ್ರೂ ಉರಿ. ಹಿಂಗೇ ಬುಟ್ರೆ ಕ್ಯಾನ್ಸರ್ರಿಗೂ ತಿರುಗಬೋದು. ಇವತ್ತೇ ನಿಲ್ಸಬೇಕು. ನಾಳೆ ಬೆಳಗ್ಗೆ ಡಾಕ್ಟ್ರತ್ರ ಕರ್ಕಂಡ್ ಬಾ."

ನೇತ್ರಾವತಿಯ ನಗು ಎಲ್ಲಿ ಹೋಯಿತೋ ಗೊತ್ತಿಲ್ಲ. ಬಂದು ಗಂಡನ ಪಕ್ಕ ನೆಲದ ಮೇಲೆ ಕೂತಳು. ಅಡವಿಯಪ್ಪ ತುಟಿ ಒರೆಸಿಕೊಂಡ.

"ನಿನ್ ಸಾರಲ್ಲಿ ಏನೂ ತಪ್ಪಿರ್ಲಿಲ್ಲ ಕಣೇ," ಎಂದ, ಅಷ್ಟು ಜನರ ಎದುರಿಗೆ.

ಈ ಮಾತಿಗಾಗಿಯೇ ಆಕೆ ಗುಬ್ಬಿಯಿಂದ ಬಂದದ್ದು. ಈಗ ಅದು ಕಿವಿಗೆ ಬಿದ್ದದ್ದೇ ತಡ, ಅವನ ಅಂಗಿ ಹಿಡಿದು ಜಗ್ಗಿದಳು.

"ಸುಮ್ಕಿರಯ್ಯ! ನನ್ ಸಾರೇ ಖಾರ ಅನ್ನು. ಅನ್ನು ಅಂದ್ನಲ್ಲಾ! ನಾನೇ ಮೆಣಸಿನ್ಕಾಯಿ ಜಾಸ್ತಿ ಹಾಕ್ಬುಡ್ತಿದ್ದೆ, ಒಪ್ಕಂತೀನಿ, ಎಲ್ಲಾರ ಮುಂದೂ ಒಪ್ಕಂತೀನಿ!"

ಅಡವಿಯಪ್ಪ ಇಲ್ಲವೆಂದು ತಲೆಯಾಡಿಸಿದ.