ಸೊಸೆಯ ತೋಳಿನ ಲೆಕ್ಕ

ಮನೆಯ ಮುಂದಿನ ಕೋಣೆಯಲ್ಲಿ ಕಿಟಕಿಯ ಕಡೆ ಮಾವನ ಗಡಿಯಾರ ರಿಪೇರಿ, ಬಾಗಿಲ ಕಡೆ ಸೊಸೆಯ ಹೊಲಿಗೆ ಮಿಷನ್ನು. ನಲವತ್ತು ವರ್ಷ ಊರಿನ ಗಡಿಯಾರಗಳನ್ನೆಲ್ಲ ಸರಿಮಾಡಿದ ಮಾವನಿಗೆ ಒಂದೇ ಜಂಬ: ನಿಮಿಷದ ವಿಷಯದಲ್ಲಿ ತಮ್ಮ ಮಾತೇ ಕೊನೆಯ ಮಾತು. ಸೊಸೆಗೆ ದಿನ ತುಂಬಿದ ಮೇಲಂತೂ ಆ ಜಂಬಕ್ಕೆ ಕೋಡು ಮೂಡಿತ್ತು.

ಹೋದ ವಾರ ನೋವು ಬಂತೆಂದು ಗಾಬರಿಯಾಗಿ ಆಸ್ಪತ್ರೆಗೆ ಓಡಿಸಿದವರೂ ಅವರೇ. ನರ್ಸಮ್ಮ ನಕ್ಕು ವಾಪಸು ಕಳಿಸಿದ್ದರು.

"ನೀರು ಕುಡಿದು, ಓಡಾಡಿ, ಎಡಮಗ್ಗುಲಿಗೆ ಮಲಗಿದ್ರೆ ಹೋಗೋದು ಸುಳ್ಳು ನೋವು. ಏನು ಮಾಡಿದ್ರೂ ಹೋಗದೆ ಜೋರಾಗ್ತಾ ಬಂದ್ರೆ ನಿಜವಾದ್ದು. ಐದೈದು ನಿಮಿಷಕ್ಕೆ ಬಂದು, ಒಂದೊಂದೂ ಒಂದು ನಿಮಿಷ ಇದ್ದು, ಹೀಗೇ ಒಂದು ಗಂಟೆ ನಡೆದ್ರೆ ಬನ್ನಿ. ನೀರು ಹೋದ್ರೆ, ರಕ್ತ ಕಂಡ್ರೆ, ಮಗು ಅಲುಗಾಡೋದು ಕಮ್ಮಿಯಾದ್ರೆ ಮಾತ್ರ ಲೆಕ್ಕ ಹಾಕ್ತಾ ಕೂರಬೇಡಿ, ತಕ್ಷಣ ಹೊರಡಿ."

ಇನ್ನೊಮ್ಮೆ ನಗೆಪಾಟಲಾಗಬಾರದೆಂದು ಮಾವ ಅಂದೇ ಪೆನ್ಸಿಲ್ಲು, ಕಾಗದ ತೆಗೆದಿಟ್ಟುಕೊಂಡರು.

ಇಂದು ಬೆಳಿಗ್ಗೆ ಶಾಲೆಯ ಅಂಗಿಗಳಿಗೆ ತೋಳು ಕೂರಿಸುತ್ತಿದ್ದ ಸೊಸೆ ಸರಕ್ಕನೆ ಎದ್ದು ನಿಂತಳು. ನೀರು ಕುಡಿದಳು, ನಡೆದಳು, ಮಲಗಿ ನೋಡಿದಳು. ನೋವು ಜಗ್ಗಲಿಲ್ಲ, ಅವಳೂ ಜಗ್ಗಲಿಲ್ಲ. ಬಂದಾಗ ಮೇಜಿಗೆ ಕೈಯೂರಿ, ಸೊಂಟ ತೂಗುತ್ತಾ, ಉಸಿರನ್ನು ನಿಧಾನವಾಗಿ ಹೊರಗೆ ಬಿಡುವಳು. ಹೋದ ಕೂಡಲೇ ಕೂತು ಮತ್ತೆ ತೋಳು ಹಿಡಿಯುವಳು. ಮಾವ ಗಡಿಯಾರ ನೋಡಿ ಕಾಗದದಲ್ಲಿ ಗುರುತು ಹಾಕಿಕೊಳ್ಳುವರು. ತಮಗೆ ಹಲ್ಲುನೋವು ಬಂದರೂ ಮನೆಯನ್ನೇ ತಲೆಯ ಮೇಲೆ ಹೊರುವ ಮಾವ ಬೆಕ್ಕಸಬೆರಗಾದರು. ಎಂಥ ಗಟ್ಟಿಗಿತ್ತಿ!

ಮಧ್ಯಾಹ್ನದ ಹೊತ್ತಿಗೆ ಅವಳೇ ಕೇಳಿದಳು. "ಮಾವ, ಹೊರಡೋಣ್ವಾ?"

"ಇನ್ನೂ ಎಂಟು ನಿಮಿಷಕ್ಕೊಂದು ಬರ್ತಿದೆ. ಅವಸರ ಬೇಡಮ್ಮ."

"ಇಲ್ಲ ಮಾವ. ಒಂದು ತೋಳಿಗೆ ನನಗೆ ಐದು ನಿಮಿಷ. ಬೆಳಿಗ್ಗೆ ಎರಡು ನೋವಿನ ಮಧ್ಯೆ ಎರಡು ತೋಳು ಮುಗೀತಿತ್ತು. ಈಗ ಒಂದು ಗಂಟೆಯಿಂದ ಮಧ್ಯೆ ಒಂದೇ ತೋಳು ಮುಗೀತಿದೆ."

"ನೋವಲ್ಲಿ ಕೈ ನಿಧಾನ ಆಗಿರುತ್ತೆ, ಮಗಳೇ. ಗಡಿಯಾರ ಸುಳ್ಳು ಹೇಳುತ್ತಾ?"

"ಯಾವ ಗಡಿಯಾರ ನೋಡಿದ್ರಿ?"

ಮಾವ ತಿರುಗಿದರು. ಕಣ್ಣಿಗೆ ನೇರವಾಗಿ ಸಿಕ್ಕಿತೆಂದು ಅವರು ಬೆಳಗಿನಿಂದ ನೋಡುತ್ತಿದ್ದ ಮೇಜಿನ ಗಡಿಯಾರದ ಕಿವಿಗೆ ಒಂದು ಚೀಟಿ ಕಟ್ಟಿತ್ತು. ನಿನ್ನೆ ರಿಪೇರಿಗೆ ಬಂದಾಗ ಅವರೇ ಬರೆದದ್ದು: "ವಿಪರೀತ ಮುಂದೆ ಓಡುತ್ತದೆ." ಕೈಗಡಿಯಾರದ ಪಕ್ಕ ಹಿಡಿದು ನೋಡಿದರು. ಮುಳ್ಳು ಹುಚ್ಚು ಕುದುರೆಯಂತೆ ಓಡುತ್ತಿತ್ತು; ಅದರ ಎಂಟು ನಿಮಿಷ ಅಂದರೆ ನಿಜಕ್ಕೆ ಐದೇ. ಅವರು ಫೋನಿಗೆ ಕೈ ಹಾಕಿದರು.

ಫೋನು ಮಾಡಿದ ಹತ್ತು ನಿಮಿಷಕ್ಕೆ ವ್ಯಾನು ಓಡಿಸುವ ಮಗ ಬಂದ. ದಾರಿಯುದ್ದಕ್ಕೂ ಸೊಸೆ ಉಸಿರು ಬಿಡುತ್ತಿದ್ದಳು, ಮಾವ ಉಸಿರು ಬಿಗಿಹಿಡಿದಿದ್ದರು. ತಮ್ಮಿಂದ ಈ ಮಗುವಿಗೇನಾದರೂ ಆದರೆ ಎಂಬುದೊಂದೇ ಅವರ ತಲೆಯಲ್ಲಿ.

ಪರೀಕ್ಷೆ ಮಾಡಿದ ನರ್ಸಮ್ಮ ಹೊರಗೆ ಬಂದರು. "ಸರಿಯಾದ ಹೊತ್ತಿಗೆ ಬಂದ್ರಿ. ಇನ್ನೂ ತಡ ಮಾಡಿದ್ರೆ ದಾರೀಲೇ ಹೆರಿಗೆ ಆಗ್ತಿತ್ತು. ಇಷ್ಟು ಕರಾರುವಾಕ್ಕಾಗಿ ಲೆಕ್ಕ ಇಟ್ಟಿದ್ದು ಯಾರು?"

"ನಮ್ಮಪ್ಪ," ಎಂದ ಮಗ, ಎದೆಯುಬ್ಬಿಸಿ. "ಗಡಿಯಾರದವರು."

ಸುಮ್ಮನಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಮಾವ ಜೇಬಿನ ಕಾಗದ ತೆಗೆದು ಹರಿದುಹಾಕಿದರು.

"ನಾನಲ್ಲಮ್ಮ. ನನ್ನ ಮಾತು ಕೇಳಿದ್ರೆ ಇನ್ನೂ ಮನೇಲೇ ಇರ್ತಿದ್ವಿ. ಲೆಕ್ಕ ಇಟ್ಟಿದ್ದು ನನ್ನ ಸೊಸೆ."

ಸಂಜೆಗೆ ಮೊಮ್ಮಗಳು ಮಡಿಲಿಗೆ ಬಂದಳು. ದಣಿದ ಸೊಸೆ ಮೆಲ್ಲಗೆ ಕೇಳಿದಳು. "ಈಗ ಗಂಟೆ ಎಷ್ಟು, ಮಾವ?"

ಮಾವ ಅಂಗಿಯ ತೋಳನ್ನು ಕೈಗಡಿಯಾರದ ಮೇಲೆ ಎಳೆದುಕೊಂಡರು.

"ನೀನೇ ಹೇಳು ತಾಯಿ," ಎಂದರು, "ನಾನು ಅದಕ್ಕೆ ಸರಿಯಾಗಿ ಮುಳ್ಳು ತಿರುಗಿಸ್ಕೋತೀನಿ."