ಎರಡನೇ ರಾಣಿ

ನನ್ನ ಮಾವನಿಗೆ ಚೆಸ್‌ನಲ್ಲಿ ಗೊತ್ತಿರುವುದು ಒಂದೇ ಆರಂಭ. ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನೂಕುವುದು, ಮರುನಡೆಗೆ ಅದರ ಪಕ್ಕದ ಕಾಲಾಳನ್ನು ಎದುರಾಳಿಯ ಬಾಯಿಗೇ ಇಡುವುದು. ತಿಂದವರನ್ನು ಮುಗಿಸಿಬಿಡುತ್ತಾರೆ ಎಂದು ಕ್ಲಬ್ಬಿನಲ್ಲಿ ಹೆಸರು. ಹಾಗಾಗಿ ಯಾರೂ ತಿನ್ನುತ್ತಿರಲಿಲ್ಲ.

ನಾನು ತಿಂದೆ.

ಮದುವೆಯಾದ ಹೊಸದರಲ್ಲಿ, ನಾನು ಕಾಲೇಜಿನಲ್ಲಿ ಗೆದ್ದು ತಂದಿದ್ದ ಚೆಸ್ ಬೋರ್ಡನ್ನು ಈ ಪುಣ್ಯಾತ್ಮ ಹಳೇ ಪೇಪರಿನ ಜೊತೆ ಗುಜರಿಯವನಿಗೆ ಹಾಕಿದ್ದರು. "ಈ ಮನೇಲಿ ಆಡೋಕೆ ನಾನೊಬ್ಬ ಸಾಕಮ್ಮ" ಎಂದಿದ್ದರು. ಅವತ್ತಿನಿಂದ ಹೊಟ್ಟೆಯಲ್ಲಿ ಕೆಂಡ ಇಟ್ಟುಕೊಂಡೇ ಓಡಾಡಿದ್ದೇನೆ. ಕ್ಲಬ್ಬಿನ ಈ ಟೂರ್ನಿಗೆ ಹೆಸರು ಕೊಟ್ಟಾಗ ಗಂಡ, "ಅಪ್ಪನ ಜೊತೆ ಸುಮ್ನೆ ಯಾಕೆ ರಂಪ?" ಎಂದ. ರಂಪವೇ ಬೇಕಿತ್ತು ನನಗೆ. ಕ್ಲಬ್ಬಿನ ಗೆಳೆಯರೆಲ್ಲ ನೋಡುತ್ತಿರುವಾಗ ಅವರ ಮಾನ ಹೋಗಬೇಕಿತ್ತು.

ಆಸ್ಪತ್ರೆಯಲ್ಲಿ ರಕ್ತ ತೆಗೆಯುವ ಕೆಲಸ ನನ್ನದು, ಕೈ ನಡುಗುವುದಿಲ್ಲ. ತಿಂದ ನನ್ನ ಕಾಲಾಳಿಗೆ ಇನ್ನೊಂದನ್ನು ಕಾವಲಿಟ್ಟೆ. ಅವರ ಹೆಸರುವಾಸಿ ದಾಳಿ ಠುಸ್ಸೆಂದಿತು. ಕುದುರೆ ಹೋಯಿತು, ರಾಣಿ ಹೋಯಿತು, ಕೊನೆಗೆ ಮೂಲೆಯಲ್ಲಿ ರಾಜ ಒಬ್ಬನೇ ಉಳಿದ.

"ಡ್ರಾ ಮಾಡ್ಕೊಳ್ಳೋಣ್ವೇನಮ್ಮ?" ಮೆಲ್ಲಗೆ ಕೇಳಿದರು. "ಮನೆ ಮರ್ಯಾದೆ..."

"ಆಡಿ ಮಾವ" ಎಂದೆ.

ಎರಡು ನಡೆಯಲ್ಲಿ ಮುಗಿಸಬಹುದಿತ್ತು. ಮುಗಿಸಲಿಲ್ಲ. ಸುತ್ತ ಜನ ಸೇರಿದ್ದರು, ಮಾವನ ಕಿವಿ ಕೆಂಪಾಗಿತ್ತು. ಆಹಾ, ಇನ್ನಷ್ಟು ನೋಡೋಣ ಅನ್ನಿಸಿತು. ನನ್ನ ರಾಣಿ ಇದ್ದರೂ ಸಾಲದೆ, ಕಾಲಾಳೊಂದನ್ನು ಕೊನೆಯ ಸಾಲಿಗೆ ನಡೆಸಿ ಎರಡನೇ ರಾಣಿ ಮಾಡಿ ಠೀವಿಯಿಂದ ಇಟ್ಟೆ.

ಅಯ್ಯೋ! ರಾಜನಿಗೆ ಚೆಕ್ ಇಲ್ಲ, ಅವನು ಕಾಲಿಡಲು ಒಂದು ಮನೆಯೂ ಇಲ್ಲ. ಹಾಗಾದರೆ ಚೆಸ್ ನಿಯಮದಂತೆ ಆಟ ಸಮ. ತೀರ್ಪುಗಾರರು ಬಂದು ಡ್ರಾ ಎಂದು ಬರೆದುಕೊಂಡರು. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಮಾವ ಎದ್ದು ನಿಂತರು. "ನೋಡಿದ್ರಾ ನಮ್ಮ ಸೊಸೇನ? ಗೆಲ್ಲೋ ಆಟ ಬೇಕು ಅಂತಲೇ ಬಿಟ್ಟುಕೊಟ್ಲು. ಮಾವ ಅಂದ್ರೆ ಅಷ್ಟು ಗೌರವ!"

ಚಪ್ಪಾಳೆ ಬಿತ್ತು. ಸುಮ್ಮನಿದ್ದಿದ್ದರೆ ನನ್ನ ತಪ್ಪೂ ಮುಚ್ಚಿಹೋಗುತ್ತಿತ್ತು, ಒಳ್ಳೆಯ ಸೊಸೆ ಅನ್ನಿಸಿಕೊಳ್ಳುತ್ತಿದ್ದೆ.

"ಗೌರವಾನೂ ಇಲ್ಲ, ಮಣ್ಣೂ ಇಲ್ಲ" ಎಂದೆ, ಎಲ್ಲರಿಗೂ ಕೇಳುವ ಹಾಗೆ. "ನಿಮ್ಮನ್ನ ಇನ್ನೊಂಚೂರು ಗೋಳು ಹುಯ್ಕೊಳ್ಳೋಣ ಅಂತ ಹೋಗಿ ಎಡವಿದೆ ಮಾವ. ಇನ್ನೊಂದ್ಸಲ ಸಿಕ್ಕಿ, ಸೀದಾ ಮುಗಿಸ್ತೀನಿ."

ಚಪ್ಪಾಳೆ ನಿಂತಿತು. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು, ಆಮೇಲೆ ಎಲ್ಲರೂ. ಮಾವನ ಮುಖ ಹುಳ್ಳಗಾಯಿತು. ಗೆದ್ದಿದ್ದರೂ ನನಗೆ ಇಷ್ಟು ಖುಷಿಯಾಗುತ್ತಿರಲಿಲ್ಲ.