ಬಟ್ಟೆ ಗಾಡಿಯಲ್ಲಿ ಬಂದ ಮತ

"ಏಯ್, ನಿನ್ನ ಗಂಡ ಸತ್ತಿದ್ದಾನೋ ಬದುಕಿದ್ದಾನೋ? ಸತ್ತಿದ್ರೆ ಹೇಳು, ಹೆಸರು ಹೊಡೆದು ಹಾಕಿಸ್ತೀನಿ. ಬದುಕಿದ್ರೆ ಎತ್ಕೊಂಡು ಬಾ. ಎರಡರ ಮಧ್ಯೆ ಇದ್ದಾನೆ ಅಂದ್ರೆ ನಾನೇನು ಮಾಡ್ಲಿ? ಆ ಬೋಳಿಮಗನ ಕಾಲು ಒತ್ಕೊಂಡು ಕೂತ್ಕೊಳ್ಲಾ?"

ಬಾಗಿಲಲ್ಲಿ ಸೀಟಿ ಮೇಸ್ತ್ರಿ ನಿಂತಿದ್ದ. ಕೊರಳಲ್ಲಿ ಸದಾ ಒಂದು ಸೀಟಿ ನೇತಾಡುತ್ತಿದ್ದುದರಿಂದ ಲಾಂಡ್ರಿಯ ಲೈನ್ ಮನೆಗಳ ಜನ ಅವನಿಗೆ ಇಟ್ಟ ಹೆಸರು ಅದು. ಅವನು ಊದಿದರೆ ಕೆಲಸ ಶುರು, ಊದಿದರೆ ಊಟ, ಊದಿದರೆ ಉಚ್ಚೆ. ಇವತ್ತು ಲಾಂಡ್ರಿಗೆ ರಜೆ ಕೊಟ್ಟು ಓಟಿಗೆ ಊದುತ್ತಿದ್ದ.

ಒಳಗೆ ಒಗೆಯುವವಳು ಗಂಡನ ಬೆನ್ನಿಗೆ ಕೈ ಕೊಟ್ಟು ಅವನನ್ನು ಕೂರಿಸಿಕೊಂಡಿದ್ದಳು. ಮಲಗಿದರೆ ಅವನಿಗೆ ಉಸಿರು ಕಟ್ಟುತ್ತಿತ್ತು. ಇಬ್ಬರೂ ಲಾಂಡ್ರಿಯ ಆಳುಗಳೇ. ಊರಿನ ಆಸ್ಪತ್ರೆ, ಹೋಟೆಲುಗಳ ಹಾಸು ಹೊದಿಕೆಯೆಲ್ಲ ಅಲ್ಲಿಗೆ ಬಂದು ಬೀಳುತ್ತಿತ್ತು. ಅವಳದು ಬ್ಲೀಚಿನ ತೊಟ್ಟಿ, ಅವನದು ಇಸ್ತ್ರಿ ಮೇಜು. ಆ ಆವಿಯನ್ನು ಆಯುಷ್ಯವೆಲ್ಲ ಕುಡಿದು ಅವನ ಎದೆ ಹಿಂಡಿಟ್ಟ ಬಟ್ಟೆಯಂತಾಗಿತ್ತು. ಇವತ್ತೋ ನಾಳೆಯೋ ಎಂಬುದು ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಈ ಸಲ ಹೊಸ ಕಾನೂನು ಬಂದಿತ್ತು. ಎಲ್ಲರೂ ಮತ ಹಾಕಲೇಬೇಕು, ಹಾಕದವರಿಗೆ ದಂಡ. ಆ ಕಾನೂನಿಗಿಂತ ಗಟ್ಟಿಯಾದದ್ದು ಲಾಂಡ್ರಿ ಧಣಿಯ ಕಾನೂನು. ತನ್ನ ಲೈನಿನಿಂದ ನೂರಕ್ಕೆ ನೂರು ಬೀಳಿಸುತ್ತೇನೆಂದು ಅವರು ಪಕ್ಷದ ದೊಡ್ಡವರೆದುರು ಮೀಸೆ ತಿರುವಿ ಬಂದಿದ್ದರು. ಯಾವ ಮನೆಯಿಂದ ಒಂದು ಬೆರಳು ಶಾಯಿಯಿಲ್ಲದೆ ಉಳಿದರೂ ಆ ಮನೆಗೆ ಸಂಜೆಗೇ ಬೀಗ.

ಹಾಸಿಗೆ ಹಿಡಿದವರಿಗೆ ವಿನಾಯಿತಿ ಉಂಟೆಂದು ಯಾರೋ ಹೇಳಿದ್ದಕ್ಕೆ ಅವಳು ಚುನಾವಣಾ ಕಚೇರಿಗೂ ಹೋಗಿ ಬಂದಿದ್ದಳು. ಗುಮಾಸ್ತ ಮೂಗಿಗೆ ಕರವಸ್ತ್ರ ಹಿಡಿದ.

"ದೂರ ನಿಂತು ಮಾತಾಡಮ್ಮ. ಏನು ಗಬ್ಬು ವಾಸನೆ!"

"ಬ್ಲೀಚು ಸ್ವಾಮಿ. ನಿಮ್ಮ ಕರ್ಚೀಫಿಗೂ ಅದನ್ನೇ ಹಾಕೋದು."

"ಬಾಯಿ ಬೇರೆ ಕೇಡು. ಏಳೋಕಾಗಲ್ಲ ಅಂತ ಅವನೇ ಬಂದು ಹೇಳ್ಬೇಕು. ನೀನು ಹೇಳಿದ್ರೆ ನಡೆಯಲ್ಲ."

"ಏಳೋಕಾಗೋ ಹಾಗಿದ್ರೆ ನಾನ್ಯಾಕೆ ಬರ್ತಿದ್ದೆ ಸ್ವಾಮಿ?"

"ಅದನ್ನೂ ಅವನೇ ಬಂದು ಹೇಳ್ಲಿ," ಎಂದು ಗುಮಾಸ್ತ ಕಿಟಕಿ ಮುಚ್ಚಿದ.

ತಮಾಷೆಯೆಂದರೆ, ಯಾರ ಬಲವಂತವೂ ಇಲ್ಲದ ಕಾಲದಲ್ಲಿ ಇಡೀ ಲೈನಿಗೆ ಮೊದಲು ಮತ ಹಾಕಿ ಬರುತ್ತಿದ್ದವನು ಅವಳ ಗಂಡನೇ. ಇದ್ದೊಂದು ಒಳ್ಳೆಯ ಅಂಗಿಗೆ ಗರಿಗರಿಯಾಗಿ ಇಸ್ತ್ರಿ ಹಾಕಿಕೊಂಡು, ಮದುಮಗನ ಹಾಗೆ ತಲೆ ಬಾಚಿಕೊಂಡು ಹೊರಡುತ್ತಿದ್ದ. "ಅಲ್ಲಿ ನನ್ನನ್ನ 'ನೀವು' ಅಂತಾರೆ ಕಣೇ," ಎನ್ನುತ್ತಿದ್ದ ಬಂದು. "ಕೈ ಕೊಡಿ ನೀವು, ಈ ಕಡೆ ಬನ್ನಿ ನೀವು. ಕಿವಿಗೆ ಎಷ್ಟು ಹಿತ ಗೊತ್ತಾ?" ಅವಳು ನಗುತ್ತಿದ್ದಳು. "ಅಯ್ಯೋ ನನ್ನ ರಾಜನೇ, ಮನೇಲಿ ನಾನೇ ದಿನಾ 'ನೀವು' ಅಂತೀನಿ, ಬಚ್ಚಲಿಗೆ ನೀರು ತಂದು ಹಾಕು."

ಆ ಮನುಷ್ಯನೇ ಈಗ ತಲೆಯಾಡಿಸಿದ. "ಈ ಸಲ ಬೇಡ ಕಣೇ. ನಿನ್ನ ತೊಡೆ ಮೇಲೆ ತಲೆ ಇಟ್ಟು ಮಲಗ್ತೀನಿ. ಅಷ್ಟು ಸಾಕು ನಂಗೆ."

"ಮಲಗಿದ್ರೆ ಉಸಿರು ಕಟ್ಟುತ್ತಲ್ಲ."

"ಕಟ್ಟಿದ್ರೆ ಕಟ್ಲಿ. ನಿನ್ನ ತೊಡೆ ಮೇಲೆ ಕಟ್ಲಿ."

ಬಾಗಿಲಲ್ಲಿ ಮೇಸ್ತ್ರಿ ಮತ್ತೆ ಊದಿದ.

"ಹೋಗಿ ಬಂದ್ಬಿಡೋಣ," ಎಂದಳು. "ರೂಮು ಕಿತ್ಕೊಂಡ್ರೆ ನಿನ್ನನ್ನ ಎಲ್ಲಿ ಮಲಗಿಸ್ಲಿ, ಬೀದೀಲಾ? ಬಂದ್ಮೇಲೆ ಎಷ್ಟು ಹೊತ್ತು ಬೇಕಾದ್ರೂ ಮಲಗು. ನಾನು ಅಲ್ಲಾಡಲ್ಲ."

ಅವನು ಅಂಗಿ ಕೇಳಿದ. ಅವಳು ಇಸ್ತ್ರಿ ಹಾಕಲು ಕೂತರೆ, ಏದುಸಿರಿನ ನಡುವೆಯೂ ಅವನಿಗೆ ತಡೆಯಲಿಲ್ಲ. "ಕಾಲರ್ ಮೊದ್ಲು... ಇಸ್ತ್ರಿಯೋನ ಜೊತೆ ಇಷ್ಟು ಕಾಲ ಸಂಸಾರ ಮಾಡಿದೀಯ... ಇಷ್ಟು ತಿಳೀಲಿಲ್ವಾ?" ಅವಳು ಮುಖ ತಿರುಗಿಸಿಕೊಂಡು ಕಾಲರ್ ಮತ್ತೊಮ್ಮೆ ಒತ್ತಿದಳು.

ಕೊಳೆ ಬಟ್ಟೆ ಸಾಗಿಸುವ ತಳ್ಳುಗಾಡಿ ತಂದರು. ಒಗೆದ ಹೊದಿಕೆಗಳನ್ನು ಅದರಲ್ಲಿ ಒರಗುದಿಂಬಿನಂತೆ ಜೋಡಿಸಿ ಅವನನ್ನು ಕೂರಿಸಿದರು. ಬೆಳಿಗ್ಗೆಯೇ ಮತ ಹಾಕಿ ಬಂದಿದ್ದ ಪಕ್ಕದ ಮನೆಯ ಅಕ್ಕ ಒಂದು ಕಡೆ, ಅವಳು ಒಂದು ಕಡೆ ತಳ್ಳಿದರು. ಗಾಡಿಯ ಒಂದು ಚಕ್ರ ದಾರಿಯುದ್ದಕ್ಕೂ ಕಿರುಗುಟ್ಟಿತು.

ಮತಗಟ್ಟೆಯ ಮುಂದೆ ಸಾಲು ರಸ್ತೆಯವರೆಗೂ ಬೆಳೆದಿತ್ತು. ಬಿಸಿಲಿಗೆ ತಡೆಯಿರಲಿಲ್ಲ. ಕಾಯಿಲೆಯವನನ್ನು ಮುಂದೆ ಬಿಡಿ ಎಂದರೆ ಪೊಲೀಸಿನವನು, "ಎಲ್ಲರೂ ಕಾಯಿಲೆಯೋರೇ, ನಿಂತ್ಕೊಳೇ," ಎಂದ. ಅಷ್ಟರಲ್ಲಿ ಧಣಿಯ ಕಾರು ಬಂತು. ಅದೇ ಪೊಲೀಸಿನವನು ಸಾಲನ್ನು ಲಾಠಿಯಿಂದ ಸರಿಸಿ ಧಣಿಯನ್ನು ಒಳಗೆ ಬಿಟ್ಟ.

"ಇನ್ನೂ... ಎಷ್ಟು ದೂರ?" ಗಂಡ ಕೇಳಿದ.

"ಬಂದೇ ಬಿಡ್ತು. ನೋಡು, ಬಾಗಿಲು ಕಾಣ್ತಿದೆ."

ಅವನು ಅಂಗಿಯ ತೋಳಿನ ಮಡಿಕೆಯನ್ನು ಬೆರಳಿನಿಂದ ನೇರ ಮಾಡಿಕೊಂಡ. ಆಮೇಲೆ ಆ ಕೈಯನ್ನು ಅವಳ ಹೆಗಲ ಮೇಲಿಟ್ಟ.

ಕೊನೆಗೆ ಸರದಿ ಬಂದು, ಹೊಸ್ತಿಲು ದಾಟಿಸಲು ಗಾಡಿ ಎತ್ತಿದಾಗ ಹೆಗಲ ಮೇಲಿದ್ದ ಕೈ ಒಮ್ಮೆಲೇ ಭಾರವಾಯಿತು. ನೀರು ಕುಡಿದ ಬಟ್ಟೆಯ ಭಾರ ಅವಳಿಗೆ ಗೊತ್ತು. ಆದರೆ ಇದು ಬೇರೆಯೇ ಭಾರ. "ಇಲ್ನೋಡು," ಎಂದಳು. "ಏ, ನನ್ನ ನೋಡು." ಅವನ ಕಣ್ಣು ಬಾಗಿಲ ಕಡೆಗೇ ಇತ್ತು.

"ಹೋದ," ಎಂದಳು ಅಕ್ಕ, ಬಾಯಿಗೆ ಕೈ ಹಿಡಿದು.

ಮೇಸ್ತ್ರಿ ಓಡಿ ಬಂದು ಶವದ ಕೈ ಹಿಡಿದ. "ಇನ್ನೂ ಬೆಚ್ಚಗಿದೆ ಸಾರ್, ಬೇಗ ಹಾಕಿ! ಇದೊಂದು, ಇವಳದೊಂದು ಬಿದ್ರೆ ನಮ್ಮ ಲೈನ್ ಮುಗೀತು."

ಶಾಯಿಯ ಮೇಜಿನಲ್ಲಿದ್ದ ಯುವಕ ಧಣಿಯ ಕಡೆ ನೋಡಿದ. ಧಣಿ ಗಡಿಯಾರ ನೋಡಿಕೊಂಡರು. ಬೆಳಗಿನಿಂದ ನೂರಾರು ಜನರಿಗೆ ಹೇಳಿ ರೂಢಿಯಾದ ಮಾತು ಯುವಕನ ಬಾಯಿಂದ ತಾನೇ ಬಂತು.

"ಕೈ ಕೊಡಿ ನೀವು."

ಕೈಯನ್ನು ಮೇಸ್ತ್ರಿಯೇ ಕೊಟ್ಟ. ಉಗುರಿನ ಮೇಲೆ ಶಾಯಿ ಹರಿಯಿತು. ಮೇಸ್ತ್ರಿ ಗಾಡಿಯನ್ನು ಮತಯಂತ್ರದ ಮರೆಗೆ ತಳ್ಳಿ, ಆ ಬೆರಳನ್ನು ಹಿಡಿದು ಗುಂಡಿ ಒತ್ತಿಸಿದ. ಯಂತ್ರ ಉದ್ದಕ್ಕೆ ಕೂಗಿತು.

ಅವಳು ಅಳಲಿಲ್ಲ. ಕೈಯಾರೆ ತಳ್ಳಿಕೊಂಡು ಬಂದೆನಲ್ಲ, ಅವನು ಕೇಳಿದ್ದು ಅಷ್ಟೇ ಅಷ್ಟು, ಅದನ್ನೂ ಕೊಡಲಿಲ್ಲವಲ್ಲ ಎಂಬುದೊಂದೇ ಅವಳ ತಲೆಯಲ್ಲಿತ್ತು.

"ಈಗ ನೀವು ಬನ್ನಿ ಅಮ್ಮ," ಎಂದ ಯುವಕ, ತಲೆ ಎತ್ತದೆ.

"ನಾವು ಬಟ್ಟೆಗೆ ಗುರುತು ಹಾಕ್ತೀವಿ ಸ್ವಾಮಿ," ಎಂದಳು. "ಯಾರ ಬಟ್ಟೆ ಅಂತ ತಪ್ಪಿ ಹೋಗ್ಬಾರ್ದು ಅಂತ. ನೀವು ಇವನಿಗೆ ಗುರುತು ಹಾಕಿದ್ರಲ್ಲ, ಹೇಳಿ, ಇವನು ಯಾರಿಗೆ ಸೇರಿದೋನು?"

"ಬೆರಳು ಚಾಚೇ ಬೇವರ್ಸಿ," ಮೇಸ್ತ್ರಿ ಹಲ್ಲು ಕಚ್ಚಿದ. "ರೂಮು ಹೋಗುತ್ತೆ!"

"ಹೋಗ್ಲಿ. ಇನ್ನು ಯಾರನ್ನ ಮಲಗಿಸೋಕೆ ಆ ರೂಮು?"

ಅವಳು ಗಾಡಿಯನ್ನು ಎಳೆದು ಬಾಗಿಲಿಗೆ ಅಡ್ಡ ನಿಲ್ಲಿಸಿದಳು. ಕಂಕುಳಿಗೆ ಕೈ ಹಾಕಿ ಗಂಡನನ್ನು ಇಳಿಸಿಕೊಂಡಳು. ಅಕ್ಕ ಕಾಲು ಹಿಡಿದಳು. ಹೊಸ್ತಿಲ ಬಳಿ ನೆಲದ ಮೇಲೆ ಕೂತು, ಅವನ ತಲೆಯನ್ನು ತೊಡೆ ಮೇಲಿಟ್ಟುಕೊಂಡಳು. "ಮಲಗು," ಎಂದಳು.

"ಎದ್ದೇಳಮ್ಮ, ಹೊರಗಿನವರು ಮತ ಹಾಕ್ಬೇಕು," ಎಂದು ಯುವಕ ಕೈ ಮುಗಿದ. ಧಣಿ ಗದರಿದರು. ಮೇಸ್ತ್ರಿ ಸೀಟಿ ಬಾಯಿಗಿಟ್ಟು ಉಸಿರಿದ್ದಷ್ಟೂ ಊದಿದ. ಹೊರಗೆ ಸಾಲು ಕದಲಲಿಲ್ಲ. ಅಕ್ಕ ಗಾಡಿಯ ಚಕ್ರಕ್ಕೆ ಬೆನ್ನು ಕೊಟ್ಟು ಕೂತಳು.

ಒಗೆಯುವವಳು ಹೊದಿಕೆಯ ಚುಂಗಿಗೆ ಉಗುಳು ಹಚ್ಚಿ ಅವನ ಬೆರಳನ್ನು ತಿಕ್ಕತೊಡಗಿದಳು.

"ಅದು ಹೋಗಲ್ಲಮ್ಮ," ಎಂದ ಯುವಕ ಮೆಲ್ಲಗೆ.

"ರಕ್ತ ಹೋಗಿದೆ, ಕೀವು ಹೋಗಿದೆ ನನ್ನ ಕೈಲಿ," ಎಂದಳು. "ಇದೂ ಹೋಗುತ್ತೆ."

ಬೆರಳು ತಣ್ಣಗಾಗುತ್ತಿತ್ತು. ಚರ್ಮ ಸುಲಿದು ಬಂತು. ಶಾಯಿ ಹಾಗೇ ಇತ್ತು. ಅವಳು ತಿಕ್ಕುತ್ತಲೇ ಇದ್ದಳು.